ಹದಿನಾಲ್ಕನೇ ಮನೆ

ಹದಿನಾಲ್ಕನೇ ಮನೆಯ ಬಾಗಿಲು ತೆರೆದೇ ಇತ್ತು. ಆದರೂ ಹೊಸ್ತಿಲು ದಾಟಲು ಚಂದ್ರಮತಿಗೆ ಕಾಲು ಬರಲಿಲ್ಲ. ಎಂಟು ವರ್ಷದಿಂದ ಅವಳು ತಪ್ಪಿಸಿಕೊಂಡು ತಿರುಗಿದ ಬಾಗಿಲು ಇದು.

ಗುಂಡ್ಲುಪೇಟೆಯಿಂದ ಬಂಡೀಪುರದ ಕಡೆಗೆ ಹೋಗುವಾಗ ಸಿಗುವ ಸಣ್ಣ ಊರು. ಕುದೇರಿನ ಕೂಲಿಯವರ ಮಗಳು ಚಂದ್ರಮತಿ ಓದಿ ವಸ್ತುವಿಜ್ಞಾನಿಯಾದ ಮೇಲೆ, ತಾನೇ ಮಾಡಿದ ಅರವತ್ತು ಮಡಕೆಗಳನ್ನು ಇಲ್ಲಿನ ಅರವತ್ತು ಮನೆಗಳಿಗೆ ಹಂಚಿದ್ದಳು. ನೀರು ಸೋಸುವ ಮಣ್ಣಿನ ಮಡಕೆ. ಒಳಮೈಗೆ ಬೆಳ್ಳಿಯ ನ್ಯಾನೋ ಕಣಗಳ ಲೇಪ, ಒಂದೊಂದು ಕಣವೂ ಕೂದಲೆಳೆಗಿಂತ ಸಾವಿರಾರು ಪಟ್ಟು ಸಣ್ಣದು. ಭೇದಿಯ ರೋಗಾಣು ಅದರೆದುರು ಬದುಕುವುದಿಲ್ಲ. ಪ್ರಯೋಗಾಲಯದಲ್ಲಿ ನೂರು ಸಲ ಪರೀಕ್ಷಿಸಿದ್ದಳು, ಒಂದು ಸಲವೂ ತಪ್ಪಿರಲಿಲ್ಲ.

ಮಡಕೆ ಕೊಟ್ಟ ಐದನೇ ತಿಂಗಳಿಗೆ ಈ ಮನೆಯ ಮೂರು ವರ್ಷದ ಚಾಮುಂಡಿ ವಾಂತಿಭೇದಿಯಾಗಿ ಎರಡೇ ದಿನದಲ್ಲಿ ತೀರಿಕೊಂಡಳು.

ಸಮೀಕ್ಷೆಯ ರಾಜಣ್ಣ ವಾರವಾರವೂ ಬಾಗಿಲಲ್ಲಿ ನಿಂತು ವಿಚಾರಿಸಿ, 'ಮಡಕೆ ಬಳಕೆಯಲ್ಲಿದೆ' ಎಂದು ಬರೆದುಕೊಂಡು ಬರುತ್ತಿದ್ದ. ಸೋಸಿದ ನೀರಿನಲ್ಲಿ ರೋಗಾಣು ಇರಲು ಸಾಧ್ಯವಿಲ್ಲ. ಹಾಗಾದರೆ ಮಗುವಿನ ಹೊಟ್ಟೆಗೆ ಹೋದದ್ದೇನು? ಚಂದ್ರಮತಿಗೆ ಹೊಳೆದದ್ದು ಒಂದೇ, ಲೇಪದಿಂದ ಕಳಚಿಕೊಂಡ ಬೆಳ್ಳಿ. ಆಗಲೇ ಬಂದು ಮಡಕೆ ಒಯ್ದು ಪರೀಕ್ಷಿಸಬೇಕಿತ್ತು. ಬರಲಿಲ್ಲ. ಪಟ್ಟಿಯಲ್ಲಿ ಹದಿನಾಲ್ಕನ್ನು ಹೊಡೆದುಹಾಕಿ, 'ಮನೆಯವರು ಊರು ಬಿಟ್ಟಿದ್ದಾರೆ' ಎಂದು ಬರೆದಳು. ಐವತ್ತೊಂಬತ್ತು ಮನೆಗಳ ಪ್ರಬಂಧ ಅವಳಿಗೆ ಹೆಸರು ತಂದಿತು, ಮೈಸೂರಿನಲ್ಲಿ ದೊಡ್ಡ ಹುದ್ದೆ ತಂದಿತು, ಶಾಲು ಹೊದಿಸಿತು.

ಮಗು ಮಾತ್ರ ಬೆನ್ನು ಬಿಡಲಿಲ್ಲ. ಸೂಕ್ಷ್ಮದರ್ಶಕದ ಪರದೆಯ ಮೇಲೆ ಚೆಲ್ಲಿದ ರಾಗಿಯಂತೆ ಕಪ್ಪು ಕಣಗಳು ಕಂಡಾಗಲೆಲ್ಲ, ಹಿಂದೆ ಯಾರೋ ಸಣ್ಣಗೆ ಉಸಿರಾಡಿದಂತಾಗುತ್ತಿತ್ತು. ತಿರುಗಿದರೆ ಯಾರೂ ಇಲ್ಲ. ಯಾರಿಗೆ ಹೇಳುವುದು? ಹೇಳಿದರೆ ಉಳಿಯುವುದೇನು?

ಈಗ ಬದನಗುಪ್ಪೆಯಲ್ಲಿ ಮಡಕೆಯ ಕಾರ್ಖಾನೆ ಸಿದ್ಧವಾಗಿದೆ. ಸೋಮವಾರ ಅವಳು 'ಸುರಕ್ಷಿತ' ಎಂದು ಸಹಿ ಹಾಕಿದರೆ ಲಕ್ಷ ಮಡಕೆಗಳು ಲಕ್ಷ ಮನೆ ಸೇರುತ್ತವೆ. ಆ ಮನೆಗಳಲ್ಲೂ ಮಕ್ಕಳಿದ್ದಾರೆ. ಇನ್ನು ತಪ್ಪಿಸಿಕೊಳ್ಳುವಂತಿರಲಿಲ್ಲ.

"ಅಯ್ಯೋ, ಮಡಕೆ ಮೇಡಂ! ಅಲ್ಲೇ ಯಾಕ್ ನಿಂತ್ಕಂಡ್ರಿ? ಒಳಕ್ ಬನ್ನಿ."

ಚಾಮುಂಡಿಯ ತಾಯಿ ಶಿವಲಕ್ಷ್ಮಿ ಒಲೆ ಬಿಟ್ಟು ಎದ್ದು ಬಂದಳು. ಬೈಗುಳಕ್ಕೆ ಸಿದ್ಧಳಾಗಿ ಬಂದವಳಿಗೆ ಚಾಪೆ ಹಾಸಿದಳು, ಚೊಂಬಿನ ತುಂಬ ನೀರು ಕೊಟ್ಟಳು. ಬೋರ್‌ವೆಲ್ಲಿನ ಗಡಸು ನೀರಿಗೆ ಚೊಂಬಿನ ಒಳಗೆಲ್ಲ ಬಿಳಿ ಕರೆ ಕಟ್ಟಿತ್ತು. ಚಂದ್ರಮತಿ ಅದನ್ನು ಹಾಗೇ ಪಕ್ಕಕ್ಕಿಟ್ಟಳು.

"ನನ್ನ ನೆನಪಿದ್ಯಾ, ಶಿವಲಕ್ಷ್ಮಿ?"

"ನಿಮ್ಮ ಎಂಗ ಮರ್ತೀವು ಮೇಡಂ? ನಮ್ ಕೂಸ ಎತ್ಕಂಡಿದ್ರಿ. ದಿನಾ ನೆನಿತೀನಿ."

ಅದು ಶಾಪವೋ ಹಾರೈಕೆಯೋ ಚಂದ್ರಮತಿಗೆ ತಿಳಿಯಲಿಲ್ಲ.

"ಆವತ್ತು ನಾನು ಕೊಟ್ಟ ಮಡಕೆ ಇದ್ಯಾ?"

"ಅದೆ ಮೇಡಂ. ಇವತ್ಗೂ ಒಬ್ರನ್ನೂ ಮುಟ್ಟಕ್ ಬುಟ್ಟಿಲ್ಲ."

ಮಗುವನ್ನು ಕೊಂದ ಮಡಕೆಯನ್ನು ಸಾಕ್ಷಿಗೆಂದು ಎತ್ತಿಟ್ಟಿದ್ದಾಳೆ ಎಂದುಕೊಂಡಳು ಚಂದ್ರಮತಿ. ಶಿವಲಕ್ಷ್ಮಿ ದೇವರ ಗೂಡಿನ ಪಕ್ಕದಿಂದ ಹಳೆಯ ಸೀರೆಯಲ್ಲಿ ಸುತ್ತಿದ ಗಂಟೊಂದನ್ನು ತಂದು ಮುಂದಿಟ್ಟಳು. ಚಂದ್ರಮತಿ ಗಂಟು ಬಿಚ್ಚಿದಳು. ಮಡಕೆಯ ಕಂಠಕ್ಕೆ ವಿಭೂತಿ, ಕುಂಕುಮ. ಅವಳು ಬಗ್ಗಿ ಒಳಗೆ ನೋಡಿದಳು.

ಐದು ತಿಂಗಳು ಈ ಊರಿನ ನೀರು ಕಂಡ ಮಡಕೆಯೊಳಗೆ ಬಿಳಿ ಕರೆ ದಪ್ಪಗೆ ಕಟ್ಟಿರಬೇಕಿತ್ತು. ಒಂದು ಗೆರೆಯೂ ಇರಲಿಲ್ಲ. ಕೊಟ್ಟ ದಿನ ಇದ್ದ ಹಾಗೇ ಕೆಂಪಗಿತ್ತು.

"ಇದನ್ನ ಬಳಸೇ ಇಲ್ವಾ?"

"ನಿಮಗ ಬೇಜಾರಾಗ್ಬಾರ್ದು ಅಂತ ರಾಜಣ್ಣಂಗೆ ಹೂಂ ಅಂದ್ಬುಡ್ತಿದ್ದೆ ಮೇಡಂ. ತೆಪ್ಪ್ ತಿಳ್ಕಬ್ಯಾಡಿ."

ಬೆಳ್ಳಿ ಮಗುವನ್ನು ಕೊಂದಿರಲಿಲ್ಲ. ಎಂಟು ವರ್ಷಗಳಲ್ಲಿ ಮೊದಲ ಬಾರಿಗೆ ಚಂದ್ರಮತಿ ಎದೆ ತುಂಬ ಉಸಿರೆಳೆದುಕೊಂಡಳು. ಕಣ್ಣಲ್ಲಿ ನೀರು ಬಂತು. ಸೋಮವಾರ ಅಳುಕದೆ ಸಹಿ ಹಾಕಬಹುದು.

"ಯಾಕೆ ಬಳಸಲಿಲ್ಲ?" ಎಂದು ಕೇಳಿದಳು, ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ.

"ಒಳಗಡೆ ಬೆಳ್ಳಿ ಅದೆ ಅಂತ ನೀವೇ ಹೇಳುದ್ರಲ್ಲ ಮೇಡಂ," ಎಂದಳು ಶಿವಲಕ್ಷ್ಮಿ. "ಕೂಸ್ನ ಮದ್ವೆಗೆ ಅಂತ ಒಂದ್ ತೊಟ್ಟು ನೀರೂ ಸೋಕ್ಸದಂಗೆ ಮಡಗಿದ್ದೆ."