ಪೈಪಿನೊಳಗಿನ ಗಾಳಿ

"ಏನ್ರೀ ದ್ಯಾವಪ್ಪ, ಹೀಲಿಯಂ ಸಿಲಿಂಡರ್ ಬದಲಾಯಿಸಿದ ಮೇಲೆ ಪೈಪಿನೊಳಗಿನ ಗಾಳಿ ತೆಗೀಬೇಕು ಅನ್ನೋದೂ ಗೊತ್ತಿಲ್ವಾ?"

ವಿಜ್ಞಾನಿ ಮೇಡಂ ಪ್ರಯೋಗಾಲಯದ ಹಳೆಯ ಮೆಕ್ಯಾನಿಕ್‌ನನ್ನು ಗದರಿಸಿದ್ದು ಅತಿಥಿಗಳೆದುರೇ. ಶುದ್ಧ ಹೀಲಿಯಂಗೆ ಲೇಸರ್ ಹಾಯಿಸಿ ಕೂದಲೆಳೆಯಂಥ ಎಲೆಕ್ಟ್ರಾನ್ ಕಿರಣ ತೆಗೆದವಳೆಂದು ಆಕೆಗೆ ದೊಡ್ಡ ಹೆಸರು ಬಂದಿತ್ತು. ಅದನ್ನು ಕಣ್ಣಾರೆ ನೋಡಲೆಂದೇ ಅವರು ದೂರದಿಂದ ಬಂದಿದ್ದರು.

ದ್ಯಾವಪ್ಪ ತಲೆ ತಗ್ಗಿಸಿಕೊಂಡು ಪೈಪಿನ ಗಾಳಿಯನ್ನೆಲ್ಲ ತೆಗೆದು ಹೀಲಿಯಂ ತುಂಬಿದ. ಲೇಸರ್ ಮಿಂಚಿತು. ಕಿರಣ ಬಿದ್ದು ಹೊಳೆಯಬೇಕಿದ್ದ ಪರದೆ ಕಪ್ಪಾಗಿಯೇ ಉಳಿಯಿತು. ಇಪ್ಪತ್ತು ಸಲ ಮಿಂಚಿಸಿದರೂ ಒಂದು ಚುಕ್ಕೆ ಮೂಡಲಿಲ್ಲ.

"ನಿನ್ನೆವರೆಗೂ ಚೆನ್ನಾಗಿತ್ತಲ್ರೀ! ಇವತ್ತೇನು ಬದಲಾಯಿಸಿದ್ರಿ?"

"ನೀವು ಹೇಳಿದ್ದೊಂದೇ ಮೇಡಂ. ಗಾಳಿ ತೆಗೆದೆ."

"ಮೊದಲು ತೆಗೀತಿರಲಿಲ್ವಾ?"

"ನಾಲ್ಕು ವರ್ಷದಲ್ಲಿ ಒಂದು ದಿನವೂ ತೆಗೆದಿಲ್ಲ ಮೇಡಂ. ತಪ್ಪಾಯ್ತು."

ಆಕೆಯ ಕಿವಿ ಬಿಸಿಯಾಯಿತು. ಗೋಡೆಯ ಮೇಲೆ ಕಟ್ಟು ಹಾಕಿಸಿದ್ದ ಆಕೆಯ ಪ್ರಬಂಧದ ಶೀರ್ಷಿಕೆಯ ಮೊದಲ ಪದವೇ 'ಶುದ್ಧ'. ಅತಿಥಿಯೊಬ್ಬರು ಕನ್ನಡಕ ಏರಿಸಿ ಅದನ್ನೇ ಓದುತ್ತಿದ್ದರು.

"ಇನ್ಮೇಲೆ ಹೀಗಾಗಲ್ಲ ಮೇಡಂ," ಎಂದು ದ್ಯಾವಪ್ಪ ಕೈ ಮುಗಿದ.

"ದ್ಯಾವಪ್ಪನವರೇ," ಎಂದಳು ಆಕೆ, ನೆಲ ನೋಡುತ್ತ, "ನೀವು ಮೊದಲು ಹೇಗೆ ಮಾಡ್ತಿದ್ರೋ ಹಾಗೇ ಮಾಡಿಕೊಡಿ."