ರೇಡಿಯೋದಲ್ಲಿ ಬರದ ಎರಡು ನಿಮಿಷ

“ಕತ್ತರಿಸಿದ್ದು ನೀವೇ ಅಲ್ಲೇನ್ರಿ ಮೇಷ್ಟ್ರೇ?”

ಮಲ್ಲಕ್ಕನಿಗೆ ತನ್ನ ದನಿ ತನಗೇ ಹೊಸದಾಗಿ ಕೇಳಿಸಿತು. ಊರಿನಲ್ಲಿ ಯಾರ ಮುಂದೆಯೂ ತಲೆಯೆತ್ತಿ ಮಾತಾಡಿದವಳಲ್ಲ. ಈಗ ಚಿತ್ರದುರ್ಗದಲ್ಲಿ, ಕಾಲೇಜು ಮೇಷ್ಟ್ರು ಶಿವಕುಮಾರಪ್ಪನವರ ಮನೆಯ ಪಡಸಾಲೆಯಲ್ಲಿ ನಿಂತು ಜವಾಬು ಕೇಳುತ್ತಿದ್ದಳು.

ಹಿಂದೆ ಅಪ್ಪ ಪಾಲಯ್ಯ. ಬಸ್‌ಸ್ಟ್ಯಾಂಡಿನಿಂದ ಇಲ್ಲಿಯವರೆಗೂ ಅವನ ಕೈ ಅವಳ ಹೆಗಲ ಮೇಲೇ ಇತ್ತು. ಪೇಟೆಯ ಗದ್ದಲಕ್ಕೆ ಹೆದರಿದ ಮುದುಕ ಎಂದುಕೊಂಡು ಜಟಕಾದವನೊಬ್ಬ ನಕ್ಕಿದ್ದ.

“ನಡಿಯವ್ವ, ಹೋಗಾಣ,” ಎಂದ ಪಾಲಯ್ಯ. “ದೊಡ್ಡೋರ ಹತ್ರ ಎಂಥಾ ಜಗಳ.”

ಬೆಳಿಗ್ಗೆಯಿಂದ ಅವನದು ಇದೇ ಮಾತು. ಮಗಳನ್ನು ಒಬ್ಬಳನ್ನೇ ಕಳಿಸಲು ಮನಸ್ಸು ಬಾರದೆ ಜೊತೆಗೆ ಹೊರಟು ಬಂದಿದ್ದ, ಅಷ್ಟೆ.

ನಾಲ್ಕು ತಿಂಗಳ ಹಿಂದೆ ಮೇಷ್ಟ್ರು ಟೇಪ್ ರೆಕಾರ್ಡರ್ ಹೊತ್ತು ಯಲ್ಲದಕೆರೆಗೆ ಬಂದಿದ್ದರು. ಹಳ್ಳಿಯವರ ವಿಜ್ಞಾನ ಎಂದು ರೇಡಿಯೋದಲ್ಲಿ ಭಾಷಣ ಮಾಡುವವರಿದ್ದರು. ಮಳೆಯ ಗುರುತು ಬಲ್ಲವನೆಂದರೆ ಸುತ್ತಮುತ್ತ ಪಾಲಯ್ಯ ಒಬ್ಬನೇ. ಕುರಿ ಕಾಯುವವನಾದರೇನು, ಅವನು ಹೂಂ ಅನ್ನದೆ ಊರಿನಲ್ಲಿ ಯಾರೂ ಬಿತ್ತನೆಗೆ ಇಳಿಯುತ್ತಿರಲಿಲ್ಲ.

ಆ ವಿದ್ಯೆ ಮಲ್ಲಕ್ಕನಿಗೂ ಬರುತ್ತಿತ್ತು. ಎಂಟು ವರ್ಷದ ಹಿಂದೆ, ನಾಲ್ಕನೇ ಕ್ಲಾಸಿನಲ್ಲಿದ್ದಾಗ, ಅಪ್ಪ ಅವಳನ್ನು ಸ್ಕೂಲು ಬಿಡಿಸಿ ಕುರಿಯ ಹಿಂದೆ ಕರೆದುಕೊಂಡಿದ್ದ. ಅಂದಿನಿಂದ ದಿನಾ ಬೆಳಿಗ್ಗೆ ಅವೇ ಪ್ರಶ್ನೆ.

“ಗುಡ್ಡ ಏನಂತೈತೆ?”

“ಕಪ್ಪಗೈತಪ್ಪ. ತಲೆ ಮೇಲೆ ಮಾತ್ರ ಬಿಳುಪು.”

“ಇರುವೆ?”

“ಮೊಟ್ಟೆ ಹೊತ್ಕಂಡು ಮೇಲಕ್ಕೆ ಹೋಗ್ತಾವೆ.”

“ಸೂರ್ಯನ ಸುತ್ತ ಬಳೆ ಐತೇನು?”

“ಐತೆ. ಅಗಲಕ್ಕೈತೆ.”

ನೋಡಿದವರಿಗೆ ಮೇಷ್ಟ್ರೊಬ್ಬರು ಮಗ್ಗಿ ಒಪ್ಪಿಸಿಕೊಂಡ ಹಾಗೆ ಕಾಣುತ್ತಿತ್ತು. ಒಂದು ದಿನವೂ ಅವಳು ತಪ್ಪು ಹೇಳಿರಲಿಲ್ಲ.

“ಕೊನೆಗೆ ನಿನ್ನ ಹೆಸರೂ ಹೇಳ್ತೀನಿ ಕಣವ್ವ,” ಎಂದಿದ್ದ ಅಪ್ಪ, ಮೇಷ್ಟ್ರು ಟೇಪು ಸುತ್ತುತ್ತಿದ್ದಾಗ. ಆಮೇಲೆ, “ನೀನು ಮುಂದೆ ನಿಂತ್ರೆ ನಂಗೆ ಮಾತು ಬರಲ್ಲ. ಮರಿ ಹಾಲು ಕುಡುದ್ವೇನು ನೋಡೋಗು,” ಎಂದು ಕಳಿಸಿಬಿಟ್ಟ.

ಅವಳಿಗೆ ಬೇಕಿದ್ದುದು ಅದೊಂದೇ. ಸ್ಕೂಲಿನ ಹಾಜರಿ ಪುಸ್ತಕದಲ್ಲಿ ಗೀಟು ಎಳೆದ ಮೇಲೆ ಅವಳ ಹೆಸರನ್ನು ಯಾರೂ ನಾಲ್ಕು ಜನರ ಮುಂದೆ ಗಟ್ಟಿಯಾಗಿ ಹೇಳಿರಲಿಲ್ಲ.

ಹೋದ ಗುರುವಾರ ಸಂಜೆ ಪಂಚಾಯ್ತಿ ರೇಡಿಯೋದ ಮುಂದೆ ಊರೇ ಕೂತಿತ್ತು. ಅಪ್ಪನ ದನಿ ಬಂತು. ಗುಡ್ಡ ಬಂತು, ಇರುವೆ ಬಂತು, ಸೂರ್ಯನ ಬಳೆ ಬಂತು. ಮಲ್ಲಕ್ಕ ಸೆರಗಿನ ತುದಿಯನ್ನು ಬೆರಳಿಗೆ ಬಿಗಿಯಾಗಿ ಸುತ್ತಿಕೊಂಡಳು. ಅಷ್ಟರಲ್ಲಿ ದನಿ ಕಡಿದುಹೋಗಿ ವೀಣೆ ಶುರುವಾಯಿತು.

“ನಿಮ್ಮಪ್ಪನ ಮಾತೆಲ್ಲ ಬಂತು. ಬರ್ತೈತೆ ಅಂದಿದ್ದ ನಿನ್ನ ಹೆಸರು ಎಲ್ಲಿ ಮೇಯಕ್ಕೆ ಹೋತೇ?” ಎಂದಳು ಪಕ್ಕದ ಮನೆಯ ಬರಗೇರಮ್ಮ. ಎಲ್ಲರೂ ನಕ್ಕರು.

ಅಪ್ಪ ನಗಲಿಲ್ಲ. “ನಾನು ಹೇಳಿದ್ದೆ ಕಣವ್ವ. ಆ ಮೇಷ್ಟ್ರೇ ಕತ್ತರಿ ಹಾಕ್ಯಾನೆ,” ಎಂದ.

ಆ ಮೇಷ್ಟ್ರು ಈಗ ಅವಳ ಎದುರಿಗಿದ್ದರು. ಅಲ್ಲ ಎನ್ನುತ್ತಾರೆಂದು ಅವಳು ಕಾದಳು. ಅವರು ಅನ್ನಲಿಲ್ಲ.

“ಹೌದಮ್ಮ. ಕೊನೇ ಎರಡು ನಿಮಿಷ ನಾನೇ ತೆಗೆದೆ. ಕೇಳಿದೋರು ಯಾರೂ ನಂಬಲ್ಲ ಅನ್ನಿಸ್ತು.”

“ನಂಬದೇ ಇರಾಕೆ ಏನೈತ್ರಿ ಅದ್ರಾಗೆ? ಒಂದು ಹೆಸರು ತಾನೇ.”

ಮೇಷ್ಟ್ರು ಒಳಗೆ ಹೋಗಿ ಕಾಫಿ ತಂದರು. ಪಾಲಯ್ಯನ ಲೋಟವನ್ನು ತಾವೇ ಅವನ ಅಂಗೈಯಲ್ಲಿಟ್ಟು, ಬೆರಳುಗಳನ್ನು ಒಂದೊಂದಾಗಿ ಮಡಿಸಿದರು. ಮೋಸ ಮಾಡಿದವರೇ ಇಷ್ಟು ಮರ್ಯಾದೆ ಮಾಡುವುದು ಎಂದುಕೊಂಡಳು ಮಲ್ಲಕ್ಕ.

“ಪೂರ್ತಿ ಟೇಪು ನನ್ನ ಹತ್ರ ಇದೆ,” ಎಂದರು ಅವರು, ಅವಳ ಮುಖ ನೋಡದೆ. “ಕೇಳಲೇಬೇಕೇನಮ್ಮ?”

“ಬ್ಯಾಡ,” ಎಂದ ಪಾಲಯ್ಯ. ಕಾಫಿ ಮುಗಿಸಿರಲಿಲ್ಲ. ಎದ್ದು ಕೈ ಚಾಚಿ ಮಗಳ ಹೆಗಲು ಹಿಡಿದ. “ಬಸ್ಸು ತಪ್ತೈತೆ. ನಡಿ.”

“ಹಾಕ್ರಿ ಮೇಷ್ಟ್ರೇ.”

ಮೇಷ್ಟ್ರು ಗುಂಡಿ ಒತ್ತಿದರು. ಕಂದು ಪಟ್ಟಿ ಒಂದು ಚಕ್ರದಿಂದ ಇನ್ನೊಂದಕ್ಕೆ ಸುತ್ತತೊಡಗಿತು. ಅಪ್ಪನ ದನಿ. ಹಿಂದೆ, ಬಲು ದೂರದಲ್ಲಿ, ಮರಿಗಳನ್ನು ಕರೆಯುವ ಹೆಣ್ಣು ದನಿಯೊಂದು. ತನ್ನದೇ ಎಂದು ಗೊತ್ತಾಗಲು ಅವಳಿಗೆ ಸ್ವಲ್ಪ ಹೊತ್ತು ಬೇಕಾಯಿತು. ಹೆಗಲ ಮೇಲಿನ ಬೆರಳುಗಳು ಬಿಗಿಯಾದವು. ರೇಡಿಯೋದಲ್ಲಿ ವೀಣೆ ಬಂದಿದ್ದ ಜಾಗ ದಾಟಿತು. ಅಲ್ಲಿ ಮೇಷ್ಟ್ರು ಕೇಳುತ್ತಿದ್ದರು:

“ಪಾಲಯ್ಯ, ನಿಮಗೆ ಎರಡೂ ಕಣ್ಣು ಹೋಗಿ ಎಂಟು ವರ್ಷ ಆಯ್ತು. ಗುಡ್ಡದ ಬಣ್ಣ, ಇರುವೆ ಸಾಲು, ಇದನ್ನೆಲ್ಲ ನೋಡಿ ಹೇಳೋರು ಯಾರು? ಆ ಹುಡುಗೀನಾ?”

ಅಪ್ಪ ನಕ್ಕ ಸದ್ದು. “ಅದಕ್ಕೇನು ತಿಳೀತೈತೆ ಸ್ವಾಮಿ? ಕುರಿ ಹಿಂದೆ ಅದೂ ಒಂದು ಬರ್ತೈತೆ. ನಂಗೆ ದೇವರು ತೋರಿಸ್ತಾನೆ.”

ಪಟ್ಟಿಯ ತುದಿ ಚಕ್ರದಿಂದ ಬಿಟ್ಟುಕೊಂಡು ಪಟಪಟನೆ ಹೊಡೆದುಕೊಂಡಿತು. ಯಾರೂ ಅದನ್ನು ನಿಲ್ಲಿಸಲಿಲ್ಲ.

ಮಲ್ಲಕ್ಕ ಅಪ್ಪನ ಕೈಯನ್ನು ಹೆಗಲಿನಿಂದ ಮೆಲ್ಲಗೆ ಬಿಡಿಸಿ, ಗೋಡೆಗೆ ತಾಗಿಸಿ, “ಹಂಗಾದ್ರೆ ಊರಿನ ದಾರೀನೂ ಅವನೇ ತೋರಿಸ್ಲಿ ಬಿಡಪ್ಪ,” ಎಂದು ಮೆಟ್ಟಿಲು ಇಳಿದಳು.