ಅಚ್ಚು ಜಾರಿದ ಕಾಸು

ಟಂಕಸಾಲೆಯಲ್ಲಿ ಅಚ್ಚು ಜಾರಿ, ಅರ್ಧವೇ ಚಿತ್ರ ಮೂಡಿದ್ದ ಹಳೇ ತಾಮ್ರದ ಕಾಸು. ನಾಣ್ಯದಂಗಡಿಯವನು ಗಂಡಹೆಂಡಿರಿಬ್ಬರಿಗೂ ಹೇಳಿದ್ದ: “ಐವತ್ತು ಸಾವಿರ ಬಾಳುತ್ತೆ. ಈ ಕಪ್ಪು ಮಾತ್ರ ತೆಗೀಬೇಡಿ. ಉಜ್ಜಿದ್ರೆ ಐನೂರೂ ಹುಟ್ಟಲ್ಲ.”

ಬೇರೆಯಾಗುವ ದಿನ ಇಬ್ಬರೂ ಮನೆಯ ಸಾಮಾನು ಹಂಚಿಕೊಂಡರು.

“ಪಾತ್ರೆಗೀತ್ರೆ ನೀನೇ ಹೊತ್ಕೊಂಡು ಹೋಗು. ಕಾಸು ನಂದು.”

“ಅದು ನಮ್ಮಪ್ಪ ನಂಗೆ ಕೊಟ್ಟಿದ್ದು ರೀ.”

“ಕಾಸು ಕೊಡದಿದ್ರೆ ವಿಚ್ಛೇದನದ ಕಾಗದಕ್ಕೆ ರುಜು ಹಾಕಲ್ಲ. ಸಾಯೋವರೆಗೂ ಕೋರ್ಟಿಗೆ ಅಲೀತಿರು.”

ಅವಳು ಅಡುಗೆಮನೆಗೆ ಹೋಗಿ, ಸ್ವಲ್ಪ ಹೊತ್ತಾದ ಮೇಲೆ ಮುಷ್ಟಿ ಬಿಗಿಹಿಡಿದು ಬಂದಳು.

“ಮೊದಲು ರುಜು ಹಾಕಿ.”

ಹಾಕಿದ. ಅವಳು ಕಾಸನ್ನು ಅವನ ಅಂಗೈಗೆ ಹಾಕಿದಳು.

“ಹದಿನೈದು ವರ್ಷ ನಿಮ್ಮ ಎಂಜಲು ತಟ್ಟೆ ತಿಕ್ಕಿದೀನಿ. ಕೊನೇ ಸಲ ಅಂತ ಇದನ್ನೂ ಹುಣಸೆಹಣ್ಣು ಹಾಕಿ ತಿಕ್ಕಿದೀನಿ, ನೋಡಿ.”